ಗುಂಪಿನಿಂದ ಒಬ್ಬೊಬ್ಬರನ್ನೇ ಹೊರತರುವ ಚೀಟಿ ಅಕ್ಕ

ಬೆಳಗಿನ ಆರು ಗಂಟೆ. ಗ್ರಂಥಾಲಯದ ನೆಲಮಾಳಿಗೆಯ ಮೇಜಿನ ಮೇಲೆ ಹಳದಿಗಟ್ಟಿದ ಪತ್ರಿಕೆಯೊಂದು ಹರಡಿಕೊಂಡಿದೆ. ಭೂತಗನ್ನಡಿ ಹಿಡಿದು ಅದರ ಮೇಲೆ ಬಾಗಿರುವ ಹೆಂಗಸು ತಲೆ ಎತ್ತದೆ ನನಗೆ ಹೇಳುತ್ತಾರೆ: "ಕೈ ಒರೆಸ್ಕೊಂಡು ಬನ್ನಿ. ಪೇಪರ್‌ನವರಾದ್ರೇನಂತೆ, ಈ ಪೇಪರ್‌ಗೆ ನಿಮಗಿಂತ ವಯಸ್ಸಾಗಿದೆ." ನಾನು ತೆಪ್ಪಗೆ ಕೈ ಒರೆಸಿಕೊಳ್ಳುತ್ತೇನೆ.

ಎಲ್ಲರ ಬಾಯಲ್ಲೂ ಇವರು ಚೀಟಿ ಅಕ್ಕ. ಹಳೆಯ ಪತ್ರಿಕೆಗಳನ್ನು ಓದಿ, ಸುದ್ದಿಯಲ್ಲಿ ಬಂದ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆದು ಡ್ರಾಯರಿಗೆ ಸೇರಿಸುವುದು ಇಪ್ಪತ್ತಾರು ವರ್ಷಗಳಿಂದ ಇವರ ಕೆಲಸ. ಯಾರಾದರೂ ಮುತ್ತಜ್ಜನನ್ನು ಹುಡುಕಿಕೊಂಡು ಬಂದರೆ ಐದೇ ನಿಮಿಷದಲ್ಲಿ ಪುಟ ಕೈಗೆ ಸಿಗುತ್ತದೆ. ದಿನಕ್ಕೆ ನಲವತ್ತು ಪುಟ, ಅರವತ್ತು ಚೀಟಿ. ದೂಳು ಕುಡಿದು ಕುಡಿದು ಉಬ್ಬಸ ಅಂಟಿಕೊಂಡಿದೆ, ಒಂದು ಕಣ್ಣಿಗೆ ಆಪರೇಷನ್ ಆಗಿದೆ. ಕೆಲಸ ಕಾಯಂ ಆದದ್ದು ಹದಿನಾಲ್ಕು ವರ್ಷ ದುಡಿದ ಮೇಲೆ.

ಹನ್ನೊಂದನೇ ವರ್ಷ ಅಕ್ಕನಿಗೆ ತಮ್ಮದೇ ತಪ್ಪೊಂದು ಸಿಕ್ಕಿಬಿತ್ತು. ನೂಲಿನ ಗಿರಣಿಯ ಮುಷ್ಕರದ ಸುದ್ದಿ ಅದು: 'ಇಪ್ಪತ್ತೆರಡು ಮಂದಿ ಕಾರ್ಮಿಕರ ಬಂಧನ, ಗದ್ದಲವೆಬ್ಬಿಸಿದ ಹೆಂಗಸರ ಗುಂಪನ್ನು ಚದುರಿಸಲಾಯಿತು.' ಹೆಸರು ಕೊಟ್ಟಿದ್ದ ಇಪ್ಪತ್ತೆರಡು ಗಂಡಸರಿಗೆ ಚೀಟಿ ಬರೆದು ಅಕ್ಕ ಪುಟ ತಿರುವಿದ್ದರು. ಮನೆಯಲ್ಲಿ ಮಾತಿಗೆ ಮಾತು ಬಂದು ಇದನ್ನು ಹೇಳಿದಾಗ ಅವರ ತಾಯಿ ಉಣ್ಣುವ ಕೈ ನಿಲ್ಲಿಸಿದರಂತೆ. "ಗದ್ದಲ ಮಾಡೋಕೆ ಹೋಗಿದ್ರಾ ಅವ್ರು? ನಿಮ್ಮಜ್ಜಿ ಒಂಬತ್ತು ವರ್ಷ ಅಲ್ಲೇ ನೂಲು ತೆಗೆದೋಳು ಕಣೇ. ಗೇಟಿಗೆ ಅಡ್ಡ ಕೂತಿದ್ದೇ ಅವಳು!"

"ನಮ್ಮಜ್ಜೀನ ನಾನೇ ಬಿಟ್ಟುಬಿಟ್ಟಿದ್ದೆ" ಎನ್ನುವಾಗ ಅಕ್ಕನ ದನಿ ಇವತ್ತಿಗೂ ತಗ್ಗುತ್ತದೆ. "ಗಂಡಸ್ರು ಕಾರ್ಮಿಕರು, ಹೆಂಗಸ್ರು ಗುಂಪು. ಪೇಪರ್‌ನಲ್ಲಿ ಹಾಗಿತ್ತು, ನಾನೂ ಹಾಗೇ ಓದ್ಕೊಂಡು ಹೋಗಿದ್ದೆ." ಬರೆದವರು ನಮ್ಮ ಕಸುಬಿನವರೇ ಅಲ್ಲವೇ, ಕೇಳುತ್ತ ಕೂತ ನನಗೆ ನಾಚಿಕೆಯಾಗುತ್ತದೆ.

ಅಕ್ಕ ಓದಿದ್ದನ್ನೆಲ್ಲ ಮೊದಲಿಂದ ಓದಿದರು. ಫೋಟೊ ಇದ್ದಲ್ಲಿ ಭೂತಗನ್ನಡಿ ಹಿಡಿದು ತಲೆ ಎಣಿಸಿದರು. ರಜೆ ಬಂದರೆ ಗಿರಣಿಯ ಹಿಂದಿನ ಓಣಿಗಳಿಗೆ ಹೋಗಿ, "ಇವರ್ಯಾರು ಗೊತ್ತಾಗುತ್ತಾ ಅಜ್ಜೀ?" ಎಂದು ಮುದುಕಿಯರಿಗೆ ಚಿತ್ರ ತೋರಿಸಿದರು. ಹೀಗೆ ಸಾವಿರದ ಎಂಟುನೂರು ಹೆಂಗಸರಿಗೆ ಚೀಟಿ ಸಿಕ್ಕಿದೆ.

ಈಗ ಚೀಟಿಗಳೆಲ್ಲ ಕಂಪ್ಯೂಟರಿಗೆ ಏರುತ್ತಿವೆ. ತಿಂಗಳ ಕೊನೆಗೆ ಡ್ರಾಯರುಗಳು ಗುಜರಿಗೆ. ಈ ಸಾವಿರದ ಎಂಟುನೂರು ಚೀಟಿಗಳನ್ನು 'ಹೆಂಗಸರು' ಎಂಬ ಬೇರೆ ವಿಭಾಗಕ್ಕೆ ಒಟ್ಟಿಗೆ ಹಾಕಿಸೋಣ, ಒಂದೇ ದಿನದ ಕೆಲಸ ಎಂದರು ಮೇಲಧಿಕಾರಿ. ಅಕ್ಕ ಸುತರಾಂ ಒಪ್ಪಲಿಲ್ಲ. "ಮತ್ತೆ ಗುಂಪೇ ಆಯ್ತಲ್ಲ ಸಾರ್!" ಹಾಗಾದರೆ ಒಬ್ಬೊಬ್ಬರನ್ನೂ ಅವರವರ ಕಸುಬಿನಡಿ ನೀವೇ ಸೇರಿಸಿ ಎಂದು ಅವರು ಕೈತೊಳೆದುಕೊಂಡರು. ಒಂಬತ್ತರವರೆಗೆ ಕಂಪ್ಯೂಟರ್ ಖಾಲಿ, ಅದಕ್ಕೇ ಅಕ್ಕ ಆರಕ್ಕೇ ಹಾಜರು; ಕಸುಬನ್ನು ಹಳೆಯ ಪುಟದಲ್ಲಿ ಮತ್ತೆ ನೋಡಿಕೊಂಡೇ ಒಬ್ಬೊಬ್ಬರನ್ನು ಏರಿಸುತ್ತಾರೆ. ಅರ್ಧ ಮುಗಿದಿದೆ, ಇನ್ನರ್ಧಕ್ಕೆ ಹನ್ನೆರಡು ದಿನ ಉಳಿದಿದೆ.

"ದೊಡ್ಡ ಆಸೆ ಏನಿಲ್ಲ. ನಾಳೆ ಯಾರೋ ಬಂದು 'ಕಾರ್ಮಿಕರು' ಅಂತ ಹುಡುಕಿದ್ರೆ ಇವರೂ ಬರ್ಬೇಕು, ಅಷ್ಟೇ."

ಅಜ್ಜಿಯ ಚೀಟಿ ಸೇರಿಸಿದ್ದಾಯಿತೇ ಎಂದು ಕೇಳುತ್ತೇನೆ. ಅಕ್ಕ ಜೇಬು ಮುಟ್ಟಿಕೊಳ್ಳುತ್ತಾರೆ.

"ಕೊನೇಗೆ ಇಟ್ಕೊಂಡಿದ್ದೀನಿ. ಅವಳದ್ದು ಮೊದಲೇ ಆಗ್ಬಿಟ್ರೆ, ಮಿಕ್ಕವರನ್ನ ಎಲ್ಲಿ ಮತ್ತೆ ಬಿಟ್ಟುಬಿಡ್ತೀನೋ ಅಂತ ಭಯ."