ಬೂಟಿನ ಪುಟಗಳು

ಅಥವಾ ಆ ಮಾತನ್ನು ಭಾವ ಆಡಿಯೇ ಇರಲಿಲ್ಲವೇನೋ, ಮನೆಯವರೆಲ್ಲ ಸೇರಿ ವರ್ಷಗಟ್ಟಲೆ ಹೇಳಿ ಹೇಳಿ ಅವರ ಬಾಯಲ್ಲಿ ಕೂರಿಸಿದ್ದೇವೇನೋ. ನನಗೆ ನೆನಪಿರುವಂತೆ ಅದು ಮುಳಬಾಗಿಲಿನ ನಮ್ಮ ಮನೆಯ ಪಡಸಾಲೆ. ಅಕ್ಕನ ಗಂಡ ಸೈನ್ಯದಿಂದ ರಜೆಗೆ ಬಂದಿದ್ದರು. ಗಡಿಯಲ್ಲಿ ಕಾಳಗ ಮುಗಿದ ಮೇಲಿನ ಮೊದಲ ರಜೆ. ಅವರದು ಬೈರಕೂರಿನ ಕಡೆ, ಮನೆಮಾತು ತೆಲುಗು. ನಮ್ಮ ಚಿಕ್ಕಪ್ಪನ ಮಗ ಕೇಳಿದ:

“ಯುದ್ಧಂ ಸಂಗತಿ ಚೆಪ್ಪು ಬಾವಾ.”

“ಚೆಪ್ಪಾ? ಅದಿ ತಡಿಸಿಪೋಯಿಂದಿ,” ಎಂದರು ಭಾವ.

ತೆಲುಗಿನಲ್ಲಿ ಚೆಪ್ಪು ಎಂದರೆ ಹೇಳು ಎಂದೂ ಹೌದು, ಕಾಲಿಗೆ ಹಾಕುವ ಜೋಡು ಎಂದೂ ಹೌದು. ಯುದ್ಧದ ಸಂಗತಿ ಹೇಳು ಎಂದರೆ, ಜೋಡಾ, ಅದು ನೆನೆದುಹೋಯಿತು ಎಂದು ಉತ್ತರ. ಮನೆಯೆಲ್ಲ ನಕ್ಕಿತು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸೆರಗನ್ನು ನಾನು ಈಗ ಸೇರಿಸುತ್ತಿರಬಹುದು. ಆಮೇಲೆ ಯಾರು ಯಾವಾಗ ಕೇಳಿದರೂ ಅದೇ ಉತ್ತರ. ತೀರಿಕೊಳ್ಳುವವರೆಗೂ ಅದರಾಚೆಗೆ ಅವರು ಒಂದು ಮಾತೂ ಆಡಲಿಲ್ಲ.

ಆ ಕಾಲದಲ್ಲೇ, ಕೋಲಾರದಲ್ಲಿ ಕಾಲೇಜಿಗೆ ಹೋಗುತ್ತಾ, ನಾನೊಂದು ದಪ್ಪ ಯುದ್ಧ ಕಾದಂಬರಿ ಓದಿದ್ದೆ. ಬೇರೆ ದೇಶದ್ದು, ಕನ್ನಡಕ್ಕೆ ಬಂದದ್ದು. ಗುಂಡು ಹಾರುವ ಪುಟಗಳನ್ನು ಬಸ್ಸಿನಲ್ಲಿ ನಿಂತೇ ಮುಗಿಸಿದೆ. ನಡುವಿನ ಭಾಗ ಬೇಸರ ತಂದಿತು: ಕಂದಕದಲ್ಲಿ ಕೂತ ಸೈನಿಕರು, ಕೆಸರು, ಬೂಟು, ಮತ್ತೆ ಬೂಟು. ಬರೆದವನಿಗೆ ಬೇರೆ ಕೆಲಸವಿಲ್ಲ ಎಂದು ಅಷ್ಟನ್ನೂ ಹಾರಿಸಿದೆ.

ಈ ಚಳಿಗಾಲದಲ್ಲಿ, ಭಾವ ಹೋದ ಮೇಲೆ, ಮಾಲೂರಿನಲ್ಲಿರುವ ಅಕ್ಕನ ಮನೆಯಲ್ಲಿ ಅದನ್ನೇ ಮತ್ತೆ ಓದಿದೆ. ಗುಂಡಿನ ಪುಟಗಳು ದೀಪಾವಳಿ ಪಟಾಕಿಯಂತೆ ಕಂಡವು. ಬೂಟಿನ ಪುಟಗಳನ್ನು ಬಿಡಲಾಗಲಿಲ್ಲ. ಬಿಚ್ಚಿದರೆ ಊದಿದ ಕಾಲು ಮತ್ತೆ ಒಳಗೆ ಹೋಗದು ಎಂದು ಹೆದರಿ ಒಬ್ಬ ಸೈನಿಕ ಬೂಟು ಬಿಚ್ಚುವುದೇ ಇಲ್ಲ. ಮಿಕ್ಕವರು ಬೆಳಗೆದ್ದು ಅವನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಯುದ್ಧ ಇಷ್ಟು ನಿಧಾನ ಎಂದು ಮೊದಲ ಸಲ ಓದಿದಾಗ ನನಗೆ ತಿಳಿದಿರಲಿಲ್ಲ.

ಅಕ್ಕ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದಳು. ಆ ಭಾಗವನ್ನು ಓದಿ ಹೇಳಿದೆ.

“ಬರ್ದೋನು ಯುದ್ಧಕ್ಕೋಗಿದ್ನಾ?”

“ಹೋಗಿದ್ದನಂತೆ.”

“ಅವನಿಗೆ ಬಾಯಿತ್ತು ಬಿಡು. ನಿಮ್ಮ ಭಾವನಿಗೆ ಏನಾಗಿತ್ತು? ಕಟ್ಕೊಂಡೋಳ ಹತ್ರನೂ ಹೇಳ್ದೆ ಹೋದ್ರು.”

“ಹೇಳಿದ್ರೇನೋ ಅಕ್ಕಾ. ಚೆಪ್ಪು ನೆಂದೋಯ್ತು ಅಂತಿದ್ರಲ್ಲ, ಅದೇ ಇರ್ಬೇಕು. ನಾವು ತಮಾಷೆ ಅನ್ಕೊಂಡ್ವಿ.”

ಅಕ್ಕನ ಕೈ ನಿಂತಿತು.

“ಲೇ, ತಮಾಷೆನೇ ಕಣೋ ಅದು. ಆ ಮನುಷ್ಯ ಜೀವಮಾನದಲ್ಲಿ ಆಡಿದ್ದು ಅದೊಂದೇ ತಮಾಷೆ. ಅದನ್ನೂ ನನ್ನಿಂದ ಕಿತ್ಕೊಂಡು ನಿನ್ ಪುಸ್ತಕದೊಳಕ್ಕೆ ಹಾಕ್ಬೇಡ.”

ಪುಸ್ತಕ ಮುಚ್ಚಿದೆ, ಒಪ್ಪಲಿಲ್ಲ. ಕಾದಂಬರಿ ಈ ಸಲ ಅರ್ಥವಾಯಿತು ಎಂಬ ಖುಷಿ ಒಳಗೆ ಇನ್ನೂ ಇತ್ತು. ಸತ್ತವರ ಮನೆಯಲ್ಲಿ ಕೂತು ಪಡಬಾರದ ಖುಷಿ. ಆಮೇಲೆ ಅದೂ ಕೆಟ್ಟಿತು. ಭಾವ ನಿಜವಾಗಿ ಅಂದದ್ದು ‘ತಡಿಸಿಪೋಯಿಂದಿ’ ಎಂದೋ, ‘ತೆಗಿಪೋಯಿಂದಿ’ ಎಂದೋ? ಜೋಡು ಕಿತ್ತುಹೋಯಿತು ಎಂದಿದ್ದರೆ ಅಕ್ಕನೇ ಸರಿ, ಬರೀ ತಮಾಷೆ. ನೆನೆದ ಜೋಡನ್ನು ಅವರ ಬಾಯಿಗೆ ತಂದದ್ದು ಎರಡನೇ ಓದೇ ಇರಬಹುದು. ಅಕ್ಕನನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ಧೈರ್ಯ ಬರಲಿಲ್ಲ.

ಕಾಳೆಲ್ಲ ಮುಗಿದ ಮೇಲೆ ಅವಳೇ ಕೇಳಿದಳು:

“ಕಾಲ್ಮೇಲೆ ಹೊದಿಕೆ ಬಿದ್ರೆ ಧಡಕ್ಕನೆ ಎದ್ದು ಕೂತ್ಕೊಳ್ಳೋರು ಯಾರಾದ್ರೂ ಇದಾರಾ ಅದ್ರಲ್ಲಿ? ಎಂಥ ಚಳೀಲೂ ಹಾಕಿಸ್ಕೊಳ್ತಿರ್ಲಿಲ್ಲ ಅವರು.”

ಪುಟ ತಿರುವಿ ಹುಡುಕಿದೆ. ಅಂಥವರು ಯಾರೂ ಇರಲಿಲ್ಲ. ಇಲ್ಲ ಅಕ್ಕಾ ಎಂದೆ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಗಡಿಯಲ್ಲಿ ಭಾವನ ಕಾಲಿಗೆ ಏನಾಗಿತ್ತೋ, ಏನಾದರೂ ಆಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.