ಆರನೆಯ ಗಾಜಿನ ಲೋಟ

ನಮ್ಮ ಮನೆಯ ಗೋಡೆಕಪಾಟಿನಲ್ಲಿ ನೀಲಿ ಹೂವಿನ ಗಾಜಿನ ಲೋಟಗಳು ಐದಿವೆ, ಆರಿರಬೇಕಿತ್ತು. ಹೆಂಡತಿ ಸರಸ್ವತಿ ತವರಿನಿಂದ ತಂದ ಈ ಲೋಟಗಳನ್ನು ನಾನು ಮುಟ್ಟುವುದು ಎರಡೂ ಕೈಯಿಂದ, ಉಸಿರು ಬಿಗಿಹಿಡಿದು. ಏಕೆಂದರೆ, ಸ್ನೇಹಿತರೇ, ಮೋಡ ಕವಿದರೆ ಗಂಗೊಳ್ಳಿಯ ದೋಣಿ ಮಗುಚೀತೆಂದೂ, ಕವಿಯದಿದ್ದರೆ ಬಾವಿ ಬತ್ತೀತೆಂದೂ ಚಿಂತಿಸುವ ಜಾತಿಯವನು ನಾನು. ಶಾಲೆಯಲ್ಲಿ ಮಕ್ಕಳಿಗೆ ಧೈರ್ಯದ ಪಾಠ ಮಾಡುವಾಗಲೂ ಮನೆಯ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಒಳಗೊಳಗೇ ಬೆವರುವವನು.

ಯುದ್ಧ ಸುರುವಾಗುವ ಮುಂಚೆ, ಹೆಂಚಿನ ಕಾರ್ಖಾನೆಯೊಂದರ ಯಂತ್ರ ನೋಡಿಕೊಳ್ಳಲು ಪೋಲೆಂಡಿನಿಂದ ಕುಂದಾಪುರಕ್ಕೆ ಬಂದ ಡೇವಿಡ್ ನಮ್ಮ ಹೊರಕೋಣೆಗೆ ಬಿಡಾರ ಬಂದ. ನಾನು ಅವನಿಗೆ ವ್ಯಾಕರಣಶುದ್ಧ ಕನ್ನಡ ಕಲಿಸಿದೆ; ಅವನು ಮೀನುಪೇಟೆಯ ಹೆಂಗಸರಿಂದ ನಿಜವಾದ ಕನ್ನಡ ಕಲಿತ. ಪೋಲೆಂಡಿನ ತನ್ನೂರಿನಲ್ಲಿ ಅವನಿಗೆ ಹಾನಾ ಎಂಬ ಹುಡುಗಿಯೊಡನೆ ಮದುವೆ ನಿಶ್ಚಯವಾಗಿತ್ತು. ಆರು ತಿಂಗಳಲ್ಲಿ ಬರುತ್ತಾಳೆ ಎನ್ನುತ್ತಿದ್ದ. ಅಷ್ಟರಲ್ಲಿ ಜರ್ಮನರು ಪೋಲೆಂಡಿಗೆ ನುಗ್ಗಿದರು. ಯೆಹೂದ್ಯರೆಂಬ ಒಂದೇ ತಪ್ಪಿಗೆ ಡೇವಿಡನ ಮಂದಿಯ ಮನೆಮಾರು ಕಿತ್ತುಕೊಂಡು, ಬೇಲಿ ಬಿಗಿದ ಕೇರಿಗಳಲ್ಲಿ ತುಂಬಿದರು. ಕಾಗದಗಳು ನಿಂತವು. ಮೂರು ವರ್ಷ ಡೇವಿಡ್ ದಿನಾ ಅಂಚೆಯವನನ್ನು ಕಾದ; ಅವನ ಪರವಾಗಿ ಚಿಂತೆ ಮಾಡುವ ಕೆಲಸವನ್ನು, ಅಭ್ಯಾಸವಿದ್ದವನು ನಾನೇ ವಹಿಸಿಕೊಂಡೆ.

ಹಾನಾ ಬದುಕಿದ್ದಳು. ರಷ್ಯದ ಹಿಮ, ಪರ್ಷಿಯದ ಮರಳು ಎಲ್ಲವನ್ನೂ ದಾಟಿ ಬೊಂಬಾಯಿಗೆ ಬಂದಿಳಿದು, ಅಲ್ಲಿಂದ, ಪೆಟ್ರೋಲಿಲ್ಲದ ಆ ಯುದ್ಧಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುತ್ತ, ಕೆಮ್ಮುತ್ತ ಏರು ಹತ್ತುವ ಬಸ್ಸುಗಳಲ್ಲಿ ನಮ್ಮೂರು ಮುಟ್ಟಿದಳು. ತಂದೆ ತಾಯಿಯ ಸುದ್ದಿ ಅವಳಲ್ಲಿರಲಿಲ್ಲ. ಸೊಂಟಕ್ಕೆ ಸುತ್ತಿಕೊಂಡು ತಂದ ತಾಯಿಯ ಮೇಜಿನ ಬಟ್ಟೆಯೊಂದಿತ್ತು. ಬಂದವಳು ಡೇವಿಡನ ಕೈ ಬಿಡಲಿಲ್ಲ, ಆದರೆ ನಗಲೂ ಇಲ್ಲ. ಸರಸ್ವತಿ ಅವಳಿಗೆ ಗಂಜಿ ಬಡಿಸಿ, ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿಸಿ ನೋಡಿದಳು. ಎಲ್ಲಕ್ಕೂ ಆ ಹುಡುಗಿ ವಿಧೇಯಳಾಗಿ ತಲೆಯಾಡಿಸಿದಳು, ಅಷ್ಟೇ.

ಮದುವೆ ನಮ್ಮಂಗಳದಲ್ಲಿ. ಬೊಂಬಾಯಿಯ ಹೋಟೆಲಿನಲ್ಲಿ ದೋಸೆ ಹೊಯ್ಯುವ ನನ್ನ ಭಾವ, ಅಲ್ಲಿ ದಿನಾ ತಿಂಡಿಗೆ ಬರುತ್ತಿದ್ದ, ಮರಾಠಿಯಾಡುವ ಯೆಹೂದ್ಯ ಸಾಲೋಮನ್ ಅಜ್ಜನನ್ನೂ ಅವರ ತಮ್ಮನನ್ನೂ ಮದುವೆ ಮಾಡಿಸಲು ಕಳಿಸಿಕೊಟ್ಟ. ದೋಣಿ ನೂಕುವ ನಾಲ್ಕು ಬಿದಿರ ಗಳುಗಳಿಗೆ ಹಾನಾಳ ತಾಯಿಯ ಆ ಬಟ್ಟೆ ಕಟ್ಟಿ, ನಾಲ್ವರು ಒಂದೊಂದು ಗಳು ಹಿಡಿದು ನಿಲ್ಲುವ ಚಪ್ಪರ ಮಾಡಿದರು. ಹಿಂದಿನ ದಿನ ಡೇವಿಡ್, "ಮಾಷ್ಟ್ರೇ, ಒಂದ್ ಗಾಜಿನ್ ಲೋಟ ಬಟ್ಟೆಯೊಳ್ಗೆ ಸುತ್ತಿ ಕೊಡಿ. ಮದಿ ಮುಗುದ್ ಕೂಡ್ಲೆ ನಾನ್ ತುಳ್ದ್ ಒಡೀಕ್, ನಮ್ಮ್ ಪದ್ಧತಿ" ಎಂದ.

ಮದುವೆಯಲ್ಲಿ ಗಾಜು ಒಡೆಯುವುದೇ! ನಮ್ಮಲ್ಲಿ ಕೈತಪ್ಪಿ ಬಳೆ ಒಡೆದರೂ ಹೆಂಗಸರ ಮುಖ ಸಣ್ಣಗಾಗುತ್ತದೆ. ರಾತ್ರಿಯಿಡೀ ಹೊರಳಾಡಿ ಒಂದು ನಿಶ್ಚಯಕ್ಕೆ ಬಂದೆ: ಈ ಹುಡುಗಿಯ ಪಾಲಿಗೆ ಒಡೆಯಬಹುದಾದದ್ದೆಲ್ಲ ಒಡೆದುಹೋಗಿದೆ, ನನ್ನ ಅಂಗಳದಲ್ಲಿ ಇನ್ನೊಂದು ಒಡೆಯಕೂಡದು. ಬೆಳಿಗ್ಗೆ ಬಟ್ಟೆಯೊಳಗೆ ನಾನು ಸುತ್ತಿದ್ದು ಹಿತ್ತಾಳೆಯ ಲೋಟ.

ಮಂತ್ರ ಮುಗಿಯಿತು, ಉಂಗುರ ತೊಡಿಸಿದ್ದಾಯಿತು. ಡೇವಿಡ್ ಮೂರು ವರ್ಷದ ಕಾಯುವಿಕೆಯನ್ನೆಲ್ಲ ಹಿಮ್ಮಡಿಗೆ ತಂದುಕೊಂಡು ತುಳಿದ. ಠಣ್! ಗಂಟು ಉರುಳಿತು, ಮದುಮಗ ಒಂಟಿಕಾಲಿನಲ್ಲಿ ಕುಣಿದ, ಗಾಬರಿಗೆ ನಾನು ಹಿಡಿದಿದ್ದ ಗಳು ಬಿಟ್ಟೆ, ಚಪ್ಪರ ಅಜ್ಜನ ತಲೆಯ ಮೇಲೆ ವಾಲಿತು.

"ಹ್ವಾಯ್, ಎಂತ ಸುತ್ತಿದ್ರಿ ಅದ್ರೊಳ್ಗೆ?" ಎಂದಳು ಸರಸ್ವತಿ. ಲೋಟ ಆಗಲೇ ಹೊರಬಿದ್ದು ಹೊಳೆಯುತ್ತಿತ್ತು. "ಅಯ್ಯೋ ದೇವ್ರೆ! ಮದ್ಮಗನ ಕಾಲ್ ಮುರೂಕೆ ಹೊರ್ಟಿದ್ರ್ಯಾ?"

ಡೇವಿಡ್ ಕಾಲು ತಿಕ್ಕಿಕೊಳ್ಳುತ್ತ, "ಮಾಷ್ಟ್ರೇ, ನಿಮ್ಮ್ ಊರಿನ್ ಗಾಜ್ ಭಾರಿ ಗಟ್ಟಿ ಇತ್ ಮರ್ರೆ!" ಎಂದ.

ಆಗ ಒಂದು ಸದ್ದು ಕೇಳಿತು. ಹಾನಾ ನಗುತ್ತಿದ್ದಳು. ಮೊದಲು ಬಾಯಿಗೆ ಕೈ ಹಿಡಿದು, ಆಮೇಲೆ ಕೈ ಬಿಟ್ಟು, ಕೊನೆಗೆ ಡೇವಿಡನ ಭುಜಕ್ಕೆ ಒರಗಿ ಕಣ್ಣೀರು ಸುರಿಯುವಷ್ಟು.

ನಾನು ತಲೆತಗ್ಗಿಸಿ ಕಾರಣ ಒಪ್ಪಿಸಿದೆ. ಬಟ್ಟೆಯೊಳಗಿಂದ ತಲೆ ಬಿಡಿಸಿಕೊಂಡ ಅಜ್ಜ ಮರಾಠಿಯಲ್ಲಿ ಹೇಳಿದ್ದು ನನಗೆ ತಿಳಿದಷ್ಟು ಇದು: ಹಿಂದೆಂದೋ ನೆಲಸಮವಾದ ನಮ್ಮ ದೇವಾಲಯದ ನೆನಪು ಈ ಗಾಜು. ಕಳೆದುಕೊಂಡವರನ್ನು ಹೊರಗೆ ನಿಲ್ಲಿಸಿ ಮದುವೆ ಮಾಡಬಾರದಪ್ಪ; ಅವರನ್ನೂ ಒಳಗೆ ಕರೆದು, ಆಮೇಲೆ ಕುಣಿಯಬೇಕು.

ಸರಸ್ವತಿ ಒಳಗೆ ಹೋದಳು. ನಾನು ಮುಟ್ಟಲೂ ಅಂಜುವ ಕಪಾಟಿನಿಂದ ನೀಲಿ ಹೂವಿನ ಒಂದು ಲೋಟ ತಂದು, ತನ್ನ ಸೆರಗಿನ ತುದಿಯಿಂದ ಒರೆಸಿ, ಬಟ್ಟೆಯಲ್ಲಿ ಸುತ್ತಿ ತಾನೇ ಡೇವಿಡನ ಕಾಲ ಬಳಿ ಇಟ್ಟಳು. ಈ ಬಾರಿ ಸರಿಯಾಗಿ ಒಡೆಯಿತು. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಆಕಾಶ ಬಿದ್ದಿರಲಿಲ್ಲ, ಅಜ್ಜ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು, ನನ್ನ ಹೆಂಡತಿ ಕುಣಿಯುತ್ತಿದ್ದಳು.

ಒಡೆಯದಂತೆ ಕಾಯುವುದೇ ಪ್ರೀತಿಯೆಂದು ನಾನು ಅರ್ಧ ಆಯುಷ್ಯ ತಿಳಿದಿದ್ದೆ. ಕಾಯುವುದೇನೋ ಪ್ರೀತಿಯೇ, ಆದರೆ ಕಪಾಟಿನ ಬಾಗಿಲು ತೆಗೆಯುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದಿರಬೇಕು.

ಡೇವಿಡ್ ಈಗ ಬ್ರಹ್ಮಾವರದಲ್ಲಿದ್ದಾನೆ. ಕಳೆದ ಭಾನುವಾರ ಅವನು, ಹಾನಾ, ಮಗಳು ಮೂವರೂ ಬಂದಿದ್ದರು. ಸರಸ್ವತಿ ಪಾನಕ ಬೆರೆಸಿದಳು. ಅವರು ಮೂವರು, ನಾವಿಬ್ಬರು, ಐದೂ ಲೋಟ ಕೆಳಗಿಳಿದವು. ಹಾನಾಳ ತಾಯಿಯ ಹೆಸರು ಹೊತ್ತ ಮೂರು ವರ್ಷದ ಮಗಳು ತನ್ನ ಲೋಟವನ್ನು ತಾನೇ ಹಿಡಿಯುತ್ತೇನೆಂದು ಹಟ ಹಿಡಿದಳು. ನನ್ನ ಅಂಗೈ ತನ್ನಷ್ಟಕ್ಕೆ ಲೋಟದ ಕೆಳಗೆ ಹೋಯಿತು.

"ಬಿಡಿ ಮರ್ರೆ," ಎಂದಳು ಸರಸ್ವತಿ, "ಕುಡೀಲಿ ಅದ್."

ಕೈ ತೆಗೆದೆ. ಪೂರ್ತಿ ಅಲ್ಲ, ಒಂದು ಗೇಣಿನಷ್ಟು.