ಕಣ್ಣು ಮೊದಲು ಇಟ್ಟವಳು

ಆ ಅತಿಥಿ ಶಿಕ್ಷಕಿಯ ಮೇಲೆ ನನಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ಕಲಿಸುವ ಕ್ರಮ, ಶಿಸ್ತು, ಅದು ಇದು ಅಂತ ಸ್ಟಾಫ್ ರೂಮಿನಲ್ಲಿ ಏನೇನೋ ಕಾರಣ ಹೇಳಿಕೊಂಡು ತಿರುಗಿದ್ದೇನೆ. ಎಲ್ಲಾ ಸುಳ್ಳು.

ಶಹಾಪುರದ ನಮ್ಮ ಶಾಲೆಗೆ ಆಕೆ ಬಂದದ್ದು ಗಣಿತ ಕಲಿಸಲು. ಗುರುಮಠಕಲ್ ಕಡೆಯವಳು. ಯಾದಗಿರಿಯಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಬಸ್ಸಿಗೆ ಬರುತ್ತಿದ್ದಳು. ಮಾತಿನ ನಡುವೆ ತೆಲುಗು ನುಗ್ಗುತ್ತಿತ್ತು, ಮಕ್ಕಳು ನಕ್ಕರೆ ತಾನೂ ನಗುತ್ತಿದ್ದಳು. ನಾನು ಅದೇ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಚಿತ್ರಕಲಾ ಶಿಕ್ಷಕಿ. ನನ್ನ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ. ಅದನ್ನು ನಾನು ಏಕಾಗ್ರತೆ ಅಂದುಕೊಂಡಿದ್ದೆ.

ಒಂದು ಶನಿವಾರ, ಮಕ್ಕಳು ಪುಸ್ತಕದ ಚೀಲ ತರದ ದಿನ, ಆರನೆಯ ತರಗತಿಯ ಗದ್ದಲ ಕೇಳಿ ಬಾಗಿಲಲ್ಲಿ ನಿಂತೆ. ಆಕೆ ಕಪ್ಪು ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟಿದ್ದಳು, ಅಷ್ಟೇ.

"ಮೊದಲ ಕಣ್ಣು ಇಡ್ರಿ. ನೋಡ್ರಿ, ಈಗ ಅದು ನಿಮ್ಮನ್ನ ನೋಡಾಕತ್ತದ. ಇನ್ನ ಅದಕ್ಕ ಒಂದು ದುಂಡನ ಮನಿ ಕಟ್ಟೋಣು."

ಬುತ್ತಿ ಡಬ್ಬಿಯ ಮುಚ್ಚಳವನ್ನು ಹಲಗೆಗೆ ಒತ್ತಿ, ಸುತ್ತ ಸೀಮೆಸುಣ್ಣ ಎಳೆದಳು. ಮಕ್ಕಳಿಗೆ ತನ್ನ ಕೈಬಳೆಗಳನ್ನೇ ಬಿಚ್ಚಿ ಕೊಟ್ಟಿದ್ದಳು, ಒಬ್ಬರಿಂದ ಒಬ್ಬರಿಗೆ ಬಳೆ ಓಡಾಡುತ್ತಿತ್ತು. ವೃತ್ತ ತಲೆಯಾಯಿತು. ಅದರ ಮೇಲೆ ಎರಡು ತ್ರಿಕೋನ, ಕಿವಿ. ಕೆಳಗೆ ತತ್ತಿಯಾಕಾರದ ಹೊಟ್ಟೆ, ಅದಕ್ಕೆ ನಾಲ್ಕು ಗಿಡ್ಡ ಆಯತ, ಕಾಲು. "ಮೀಸಿ ಹೆಂಗಿರಬೇಕ್ರಿ?" ಅಂದಾಗ ಮಕ್ಕಳೆಲ್ಲ ಸೇರಿ "ಸಮಾಂತರ ರೇಖೆ" ಅಂದರು. ಟಿವಿಯೊಳಗಿಂದ ಈಗಷ್ಟೇ ಎದ್ದು ಬಂದ ಹಾಗೆ ಕಾರ್ಟೂನು ಬೆಕ್ಕೊಂದು ಹಲಗೆಯ ಮೇಲೆ ಕೂತಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ.

ನನ್ನ ಮೈ ಉರಿದದ್ದು ಬೆಕ್ಕಿಗಲ್ಲ. ಕಣ್ಣನ್ನು ಮೊದಲು ಇಡಿಸಿದ್ದಕ್ಕೆ. ಅದೂ ಮಕ್ಕಳ ಕೈಯಿಂದ.

ನಾನು ಕಲಿತದ್ದು ಹಾಗಲ್ಲ. ನಮ್ಮದು ಸುರಪುರ. ಅಪ್ಪ ದೇವರ ಚಿತ್ರ ಬರೆಯುವವನು, ಚಿನ್ನದ ರೇಕು ಅಂಟಿಸಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವ ಕೆಲಸ. ಒಂಬತ್ತನೆಯ ವಯಸ್ಸಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಒಂದಿಡೀ ವರ್ಷ ಬರೀ ಗೆರೆ. ಆಮೇಲೆ ಸೀರೆಯ ಅಂಚು, ಸರದ ಮಣಿ, ಕಾಲ ಗೆಜ್ಜೆ. ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು, ಅದು ಮಾತ್ರ ಅಪ್ಪನದು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಯಾರ ಜೊತೆಗೂ ಮಾತಾಡದೆ ಕೂತು ಇಡುತ್ತಿದ್ದ. ಕಣ್ಣು ಇಡುವವರೆಗೆ ಅದು ಬಣ್ಣ ಬಳಿದ ಹಲಗೆ, ಇಟ್ಟ ಮೇಲೆ ದೇವರು. ನಾನು ಉಸಿರು ಬಿಗಿಹಿಡಿದು ಅವನ ಕುಂಚದ ತುದಿಯನ್ನೇ ನೋಡುತ್ತಿದ್ದೆ.

"ಅಪ್ಪಾ, ಒಂದು ಕಣ್ಣು ನಾ ಇಡ್ಲೇನು?"

"ಇನ್ನಾ ಟೈಮ್ ಅದ."

ಡಿಪ್ಲೊಮಾ ಆಯಿತು, ನೌಕರಿ ಆಯಿತು, ಮದುವೆ ಆಯಿತು. ಸೂಟಿ ಸಿಕ್ಕು ಊರಿಗೆ ಹೋದಾಗಲೆಲ್ಲ ಅವನ ಅರ್ಧ ಕೆಲಸ ನಾನೇ ಮಾಡಿಕೊಟ್ಟೆ. ಕಣ್ಣಿಗೆ ಮಾತ್ರ ಇನ್ನೂ ಟೈಮ್ ಇತ್ತು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟೆ.

ಶಾಲೆಯಲ್ಲೂ ನಾನು ಅದೇ ಪದ್ಧತಿ ಇಟ್ಟಿದ್ದೆ. ಮಕ್ಕಳು ಚಿತ್ರ ಮುಗಿಸಿ, ಕಣ್ಣಿನ ಜಾಗ ಖಾಲಿ ಬಿಟ್ಟು, ನನ್ನ ಮೇಜಿನ ಮುಂದೆ ಸಾಲಾಗಿ ನಿಲ್ಲಬೇಕು. ಕಣ್ಣು ನಾನು ಇಡುತ್ತೇನೆ. ಕೊನೆಯ ಗಳಿಗೆಯಲ್ಲಿ ಕೆಡಿಸಿಬಿಡುತ್ತಾರೆ ಎನ್ನುವುದು ನನ್ನ ವಾದವಾಗಿತ್ತು.

ಆ ಶನಿವಾರದ ನಂತರ ಶಾಲೆಯ ತುಂಬ ಬೆಕ್ಕುಗಳು. ನೋಟುಬುಕ್ಕಿನ ಹಿಂದೆ ಬೆಕ್ಕು, ಕೈಪಂಪಿನ ಕಟ್ಟೆಯ ಮೇಲೆ ಬೆಕ್ಕು, ನನ್ನ ಕುರ್ಚಿಯ ಬೆನ್ನಿಗೂ ಒಂದು. ಆರನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು, ಸೈಕಲ್ ರಿಪೇರಿಯವನ ಮಗಳು. ಗೆರೆ ಎಳೆದರೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವಳನ್ನು ನಾನು ಮನಸ್ಸಿನಲ್ಲೇ ನನ್ನವಳು ಮಾಡಿಕೊಂಡಿದ್ದೆ. ಅವಳೂ ಈಗ ಊಟದ ಬಿಡುವಿನಲ್ಲಿ ಆಕೆಯ ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದಳು. ಅದನ್ನು ನೋಡಿ ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದೆ.

ಹೆಡ್ ಮಾಸ್ತರರ ಹತ್ತಿರ ಹೋಗಿ, "ಗಣಿತದವರು ಗಣಿತ ಕಲಿಸ್ಲಿರಿ" ಅಂದೆ.

"ಗಣಿತಾನೇ ಕಲಿಸಾಕತ್ತಾರಲ್ರಿ. ತ್ರಿಕೋನ ಗುರ್ತಿಸದಿದ್ದ ಹುಡುಗ್ರು ಈಗ ಗುರ್ತಿಸ್ತಾವ. ನೀವೂ ಒಂದು ಕಾರ್ಟೂನ್ ಕಲಿಸ್ರಿ, ಯಾರು ಬ್ಯಾಡ ಅಂದಾರ?"

ಆಕೆಗೆ ಇದು ಯಾವುದೂ ಗೊತ್ತಿರಲಿಲ್ಲ. ಮರುದಿನ ಶೇಂಗಾ ಚಟ್ನಿ ತಂದು ನನ್ನ ಡಬ್ಬಿಗೆ ಹಾಕಿ, "ಮೇಡಂ, ನಿಮ್ಮ ಗೆರಿ ನೋಡಿ ನಾ ಭಾಳ ಕಲ್ತೀನ್ರಿ" ಅಂದಳು. ಚಟ್ನಿ ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಸೈಕಲ್ ರಿಪೇರಿಯವನ ಮಗಳಿಂದ ಒಂದು ಬೆಕ್ಕಿನ ಚಿತ್ರ ಇಸಿದುಕೊಂಡು, ಭಾನುವಾರ ಸುರಪುರದ ಬಸ್ಸು ಹತ್ತಿದೆ. ನನ್ನ ಉದ್ದೇಶ ಒಂದೇ. ಅಪ್ಪ ಅದನ್ನು ನೋಡಿ "ಥೂ" ಅನ್ನಬೇಕು. ಆ ಒಂದು "ಥೂ" ಕೇಳಿಕೊಂಡು ವಾಪಸು ಬಂದರೆ ನನಗೆ ವಾರವೆಲ್ಲ ನಿದ್ದೆ ಬರುತ್ತಿತ್ತು.

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಬೇಡವೆಂದು ಹಟ. ಗೋಡೆಗೆ ಒರಗಿಸಿದ ಲಕ್ಷ್ಮಿಯ ಚಿತ್ರ ಒಂದು ವರ್ಷದಿಂದ ಕಣ್ಣಿಲ್ಲದೆ ಹಾಗೇ ಇತ್ತು. ಅದರ ಸರ, ಸೊಂಟಪಟ್ಟಿ, ಸೀರೆಯ ಅಂಚೆಲ್ಲ ನನ್ನ ಕೈಯದು. ಅಪ್ಪ ಬೆಕ್ಕಿನ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ನಕ್ಕ.

"ಯಾರ ಕೈ ಇದು?"

"ಆರನೇತ್ತೆ ಹುಡುಗಿದು."

"ಕಣ್ಣು?"

"ಅಕಿನೇ ಇಟ್ಟಾಳ. ಮೊದಲ ಕಣ್ಣಂತ, ಆಮ್ಯಾಗ ಉಳಿದದ್ದಂತ. ಹಂಗ ಕಲಿಸ್ಯಾರ."

"ಜೀವ ಬಂದದ" ಅಂದ ಅಪ್ಪ.

ನನ್ನ ಜನ್ಮದಲ್ಲಿ ಆ ಮಾತನ್ನು ಅವನು ನನಗೆ ಅಂದಿರಲಿಲ್ಲ. ಹನ್ನೊಂದು ವರ್ಷದ ಹುಡುಗಿಯ ಮೇಲೆ, ಬಳೆಯೊಳಗೆ ಹುಟ್ಟಿದ ಬೆಕ್ಕಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು, ಆದರೆ ಕಿಚ್ಚೇ ಹೆಚ್ಚಿತ್ತು.

"ಮತ್ತ ನನಗ ಯಾಕ ಒಂದು ದಿನಾನೂ ಕೊಡಲಿಲ್ಲ?" ಅಂದೆ. ದನಿ ನನಗೇ ಗೊತ್ತಿಲ್ಲದೆ ಏರಿತ್ತು.

ಅಪ್ಪ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡ. "ನಿನ್ನ ಕೈ ನನ್ನಕಿಂತ ಛಲೋ ಇತ್ತು. ಹತ್ತು ವರ್ಷದಾಕಿ ಇದ್ದಾಗೇ ಗೊತ್ತಾತು ನನಗ. ಕಣ್ಣೂ ನಿನಗ ಕೊಟ್ಟಿದ್ರ ನನಗೇನು ಉಳೀತಿತ್ತು?"

ಜೀವಮಾನವಿಡೀ ಕಾದ ಮಾತು ಅದು. ಬಂದದ್ದು ಹೀಗೆ. ಖುಷಿಪಡಬೇಕೋ ಜಗಳ ತೆಗೆಯಬೇಕೋ ತಿಳಿಯಲಿಲ್ಲ. ಅವನೇ ಲಕ್ಷ್ಮಿಯ ಕಡೆ ಕೈ ಮಾಡಿ, "ಅದಕ್ಕ ಕಣ್ಣು ನೀನೇ ಇಟ್ಟುಬಿಡು. ನನಗಂತೂ ಕಾಣವಲ್ದು" ಅಂದ.

"ಕಾಣವಲ್ದು ಅಂತ ಕೊಡ್ತಿಯೇನು ಈಗ?"

ನಾನು ಕುಂಚ ಮುಟ್ಟಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಬಾಗಿಲು ದಾಟುವಾಗ, "ಬೆಕ್ಕು ಇಲ್ಲೇ ಇರಲಿ" ಅಂದದ್ದು ಕೇಳಿಸಿತು.

ಸೋಮವಾರ ನಾನೂ ಕಾರ್ಟೂನು ಕಲಿಸಿದೆ. ಬೆಕ್ಕಿಗಿಂತ ದೊಡ್ಡದೇ ಆಗಬೇಕೆಂದು ಆನೆ ಆರಿಸಿಕೊಂಡೆ, ಸಣ್ಣಬುದ್ಧಿ ಅಂದರೆ ಅನ್ನಿ. ಹೊಟ್ಟೆಗೆ ಊಟದ ತಟ್ಟೆಯಷ್ಟು ವೃತ್ತ, ತಲೆಗೆ ಲೋಟದಷ್ಟು ವೃತ್ತ, ಕಿವಿಗೆ ಎರಡು ಅರ್ಧವೃತ್ತ, ಕಾಲಿಗೆ ನಾಲ್ಕು ಆಯತ, ಸೊಂಡಿಲಿಗೆ ಉದ್ದನೆಯ ಆಯತ, ದಂತಕ್ಕೆ ಚೂಪಾದ ತ್ರಿಕೋನ. ಮಕ್ಕಳು ನಕ್ಕರು. ನನ್ನ ತರಗತಿಯಲ್ಲಿ ಮೊದಲ ಸಲ ನಕ್ಕರು. ಆಕೆ ಕೇಳಿಸಿಕೊಳ್ಳಲಿ ಅಂತ ನಾನು ಬಾಗಿಲು ಮುಚ್ಚಲಿಲ್ಲ.

ಚಿತ್ರ ಮುಗಿಯಿತು. ಯಾರೂ ಹೇಳದೆಯೇ ಮಕ್ಕಳು ಎದ್ದು ಹಾಳೆ ಹಿಡಿದು ಸಾಲಾಗಿ ನಿಂತರು. ಸಾಲಿನ ತುಂಬ ಕುರುಡು ಆನೆಗಳು. ಮೊದಲು ನಿಂತವಳು ಆ ಸೈಕಲ್ ರಿಪೇರಿಯವನ ಮಗಳೇ.

"ನಿನಗ ಕಣ್ಣು ಇಡಾಕ ಬರ್ತದಲ್ಲ, ಯಾಕ ಇಟ್ಟಿಲ್ಲ?"

"ನಿಮ್ಮ ಕ್ಲಾಸಿನ್ಯಾಗ ನೀವ ಇಡ್ತೀರಲ್ರಿ ಟೀಚರ್."

ದೂರು ಹೇಳುವ ದನಿಯಲ್ಲ ಅದು. ರೂಢಿ, ಅಷ್ಟೇ. ನನ್ನ ಕೈ ಆಗಲೇ ಪೆನ್ಸಿಲ್ ಹಿಡಿದು ಅವಳ ಹಾಳೆಯ ಮೇಲೆ ಬಂದಿತ್ತು. ಅವಳು ಆನೆಯನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದಳು.

ಅವಳ ಕೈ ನನ್ನದಕ್ಕಿಂತ ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ವರ್ಷದಿಂದ ಗೊತ್ತಿತ್ತು. ಕೊಡಲು ಮನಸ್ಸು ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆ ಉರಿಯುತ್ತಲೇ ಇತ್ತು. ಪೆನ್ಸಿಲನ್ನು ಅವಳ ಕೈಗೆ ಕೊಟ್ಟು ನಾನು ಕುರ್ಚಿಯಿಂದ ಎದ್ದು ನಿಂತೆ. ಅವಳು ಬಗ್ಗಿ ಒಂದು ಕಣ್ಣು ಇಟ್ಟಳು, ಇನ್ನೊಂದು ಇಟ್ಟಳು. ಎರಡೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.